ನನ್ನ ಮಗಳ ಕಂಡಕ್ಟರಮ್ಮ

ಮೊನ್ನೆ ಸೋಮವಾರ ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ಬಿಂಡಿಗನವಿಲೆ ಬಸ್ಸು ಹತ್ತಿದರೆ ಒಳಗೆ ಹೊಸ ಕಂಡಕ್ಟರು. ಮೀಸೆಯಿದ್ದ ಗಂಡಸು. "ಆಯಮ್ಮ ಎಲ್ಲಿ?" ಎಂದು ಡ್ರೈವರನ್ನು ಕೇಳಿದೆ. "ಕೆ.ಆರ್. ಪೇಟೆಗೆ ವರ್ಗ ಆಗೋಯ್ತು ಮೇಡಂ. ಅವ್ರೇ ಕೇಳಿ ಮಾಡಿಸ್ಕಂಡ್ರು" ಎಂದ. ನನಗೆ ಸಂತೋಷವಾಯಿತು. ಒಬ್ಬರು ಊರು ಬಿಟ್ಟು ಹೋದರೆಂದು ಸಂತೋಷಪಡುವುದು ಒಳ್ಳೆಯ ಗುಣವಲ್ಲ ಅಂತ ನನ್ನ ತರಗತಿಯ ಮಕ್ಕಳಿಗೆ ನಾನೇ ಹೇಳುತ್ತೇನೆ. ಆದರೂ ಆಯಿತು, ಏನು ಮಾಡಲಿ. ಪಕ್ಕದಲ್ಲಿ ನಿಂತಿದ್ದ ಮಗಳ ಮುಖ ನೋಡಿದೆ. ಅವಳು ಹೊಸ ಕಂಡಕ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇವನ ವಿಸಲ್ ಎಲ್ಲಿದೆ ಎಂದು ಹುಡುಕುತ್ತಿದ್ದಳು.

ಹೋದವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯುವುದು ವಾಡಿಕೆ. ನಾನೂ ಬರೆಯುತ್ತೇನೆ. ಆದರೆ ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆಕಿಚ್ಚಿನವರು ನೋಡುವಷ್ಟು ಗಮನವಿಟ್ಟು ಪ್ರೀತಿಸುವವರೂ ನೋಡುವುದಿಲ್ಲ. ಆಕೆಯ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಆ ಹೆಸರಿಗೆ ಈಗಾಗಲೇ ಬೇಕಾದಷ್ಟು ಮರ್ಯಾದೆ ಸಿಕ್ಕಿದೆ.

ನಾನು ಬಿಂಡಿಗನವಿಲೆಯ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಮನೆ ನಾಗಮಂಗಲದಲ್ಲಿ. ನಮ್ಮ ಯಜಮಾನರ ಕೆಲಸ ಪಾಂಡವಪುರದಲ್ಲಿ. ಅವರು ಬೆಳಕು ಹರಿಯುವ ಮೊದಲೇ ಹೊರಟುಬಿಡುತ್ತಾರೆ. ನನ್ನ ತಾಯಿ ಬಿಂಡಿಗನವಿಲೆಯಲ್ಲೇ ಇರುವುದರಿಂದ, ಮಗಳನ್ನು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಅಜ್ಜಿಯ ಮನೆಯಲ್ಲಿ ಬಿಟ್ಟು ಶಾಲೆಗೆ ಹೋಗುವುದು, ಸಾಯಂಕಾಲ ಕರೆದುಕೊಂಡು ಬರುವುದು. ಹೋಗುವಾಗಲೂ ಬರುವಾಗಲೂ ಬಹುಪಾಲು ಅದೇ ಬಸ್ಸು, ಅದೇ ಕಂಡಕ್ಟರು. ಹಾಗಾಗಿ ಈ ಸಂಬಂಧ ಶುರುವಾಗಲು ನಾನೇ ದಾರಿ ಮಾಡಿಕೊಟ್ಟಂತಾಯಿತು.

ಆಕೆ ನನ್ನ ವಯಸ್ಸಿನವರೇ. ಮೈಕೈ ತುಂಬಿಕೊಂಡ ಹೆಂಗಸು. ಸೀರೆಯ ಮೇಲೆ ಖಾಕಿ ಅಂಗಿ, ಮೊಣಕೈತನಕ ಮಡಚಿದ ತೋಳು, ಮುಡಿಯಲ್ಲಿ ಸದಾ ಒಂದು ಮೊಳ ಕನಕಾಂಬರ. ವಿಸಲನ್ನು ಒಂದು ಕೆನ್ನೆಯೊಳಗೆ ಒತ್ತಿಕೊಂಡೇ ಇನ್ನೊಂದು ಕೆನ್ನೆಯಲ್ಲಿ ಮಾತಾಡುವರು. ಬಸ್ಸು ಎಷ್ಟೇ ತಿರುಗಲಿ, ಕಂಬಿ ಹಿಡಿಯುತ್ತಿರಲಿಲ್ಲ. ಸೀಟಿಗೆ ಸೊಂಟ ಒರಗಿಸಿ ನಿಂತರೆ ಆಯಿತು. "ನಿಂತ್ಕಳಾಕೆ ಬರ್ದೋರು ಕುಂತ್ಕಳಿ, ಕುಂತ್ಕಳಾಕೆ ಬರ್ದೋರು ನಿಂತ್ಕಳಿ, ದಾರೀಲಿ ಮಾತ್ರ ಗೂಟ ಒಡ್ಕಬೇಡಿ" ಎನ್ನುವುದು ಆಕೆಯ ನಿತ್ಯದ ಮಂತ್ರ. ಕಾಲೇಜು ಹುಡುಗರ ತೊಡೆಯ ಮೇಲೆ ಯಾರದೋ ಮಗುವನ್ನು ಕೂರಿಸಿ, "ಇಡ್ಕಳ್ಳಾ, ಮೊಬೈಲ್ ಇಡ್ಕತೀಯಲ್ಲ ಅಂಗೆ" ಎಂದು ಮುಂದೆ ಹೋಗಿಬಿಡುವರು. ಇಷ್ಟೆಲ್ಲ ನನಗೂ ಇಷ್ಟವಾಗಿತ್ತು. ಮೊದಲ ವಾರ.

ಆಮೇಲೆ ಒಂದು ದಿನ ನನ್ನ ಮಗಳು ಮೆಟ್ಟಿಲ ಮುಂದೆ ನಿಂತು "ನಾನೇ ಹತ್ತೀನಿ" ಎಂದಳು. ಆಗ ಅವಳಿಗೆ ನಾಲ್ಕು ತುಂಬಿರಲಿಲ್ಲ. ಬಸ್ಸಿನ ಮೆಟ್ಟಿಲು ಅವಳ ಎದೆಯ ಮಟ್ಟಕ್ಕಿತ್ತು. ಹಿಂದೆ ಜನ ನೂಕುತ್ತಿದ್ದರು. ನಾನು ರಟ್ಟೆ ಹಿಡಿದು ಎತ್ತಲು ಹೋದೆ. ಮೇಲಿನಿಂದ ಆಕೆ, "ಬುಡಿ ಮೇಡಂ, ಅತ್ಲಿ. ನಾನ್ ವಿಸಲ್ ಊದ್ದೆ ಬಸ್ಸು ಎಲ್ಲಿಗೋದದು?" ಎಂದರು. ಇಡೀ ಬಸ್ಸು ಕಾದು ನಿಂತಿತು. ನನ್ನ ಮಗಳು ಎರಡೂ ಕೈ ಊರಿ, ಮೊಣಕಾಲು ಹಾಕಿ, ಹೊಸ ಫ್ರಾಕಿನಲ್ಲಿ ಬಸ್ಸಿನ ಧೂಳನ್ನೆಲ್ಲ ಒರೆಸಿಕೊಂಡು ಮೇಲೆ ಹತ್ತಿದಳು. ಆಕೆ ಉದ್ದಕ್ಕೆ ವಿಸಲ್ ಊದಿದರು. ಮಗಳು ತಿರುಗಿ ನೋಡಿದಳು. ನನ್ನನ್ನಲ್ಲ, ಆಕೆಯನ್ನು. ಆವತ್ತಿನಿಂದ ನನ್ನ ಕೈಗೆ ಬಸ್ಸು ಹತ್ತಿಸುವ ಕೆಲಸವಿಲ್ಲ.

ಇನ್ನು ಟಿಕೆಟ್ಟಿನ ವಿಷಯ. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಆಧಾರ್ ಕಾರ್ಡು ತೋರಿಸಿದರೆ ಸೊನ್ನೆಯ ಟಿಕೆಟ್ಟು ಹರಿದು ಕೊಡುತ್ತಾರೆ. ಅಷ್ಟು ಸಣ್ಣ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಎಲ್ಲರಿಗೂ ಕೊಟ್ಟು ತನಗೆ ಕೊಡಲಿಲ್ಲವೆಂದು ನನ್ನ ಮಗಳು ತುಟಿ ಉಬ್ಬಿಸಿದಳು. ನಾನು ಸಮಾಧಾನ ಹೇಳುವಷ್ಟರಲ್ಲಿ ಆಕೆ ತಮ್ಮ ಚೀಲದಿಂದ, ಮುಗಿದ ಟಿಕೆಟ್ ಸುರುಳಿಯ ಗುಲಾಬಿ ಗೆರೆಯಿದ್ದ ಬಾಲವನ್ನು ತೆಗೆದು ಹರಿದು, "ತಗಳಿ, ಇದು ಸ್ಪೆಷಲ್ಲು" ಎಂದು ಕೊಟ್ಟರು. ಅದನ್ನು ಅಜ್ಜಿಗೂ ಮುಟ್ಟಲು ಬಿಡಲಿಲ್ಲ ಇವಳು.

ಇನ್ನೊಂದು ದಿನ ಕುರಿಯವನೊಬ್ಬ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹತ್ತಿದ. ನನ್ನ ಮಗಳು ಸೀಟಿನ ಮೇಲೆ ಎದ್ದು ನಿಂತು, "ಮರೀದು ಆಧಾರ್ ಕಾರ್ಡ್ ಎಲ್ಲಿ?" ಎಂದಳು. ನಾನು ನಾಚಿಕೆಯಿಂದ ಅವಳ ಬಾಯಿ ಮುಚ್ಚಲು ಹೋದೆ. ಆಕೆ ನಗಲಿಲ್ಲ. ಕುರಿಯವನ ಕಡೆ ತಿರುಗಿ, "ಕೇಳ್ತಾವ್ರೆ ನೋಡಣ್ಣ ನಮ್ ಆಫೀಸರ್ರು. ಮರಿ ಎಣ್ಣಾ ಗಂಡಾ?" ಎಂದರು.

"ಎಣ್ಣು ಕಣವ್ವ."

"ಎಣ್ಣಾದ್ರೂವೆ ಕಾರ್ಡಿಲ್ಲ ಅಂದ್ಮೇಲೆ ದುಡ್ಡು ತೆಗಿ."

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಮಗುವನ್ನು ನಾನು ಸುಮ್ಮನಿರಿಸಲು ಹೋದೆ, ಆಕೆ ಅದನ್ನು ಆಫೀಸರ್ ಮಾಡಿದರು. ಇದು ಒಳಗೆಲ್ಲೋ ಮುಳ್ಳಿನ ಹಾಗೆ ಕೂತಿತು.

ಆ ಭಾನುವಾರ ನಮ್ಮ ಮನೆಯ ನಡುಮನೆಯಲ್ಲಿ ಬಸ್ಸು ಓಡಲು ಶುರುವಾಯಿತು. ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಮುಂದೆ ನಿಲ್ಲುವ ಫ್ಯಾನು. ಫ್ಯಾನೇ ಡ್ರೈವರು. ಕಂಡಕ್ಟರಿಗೆ ಅಪ್ಪನ ಅಂಗಿ, ನನ್ನ ಹಳೆಯ ಚೀಲ, ಸಂತೆಯಲ್ಲಿ ಕೊಂಡ ಪೀಪಿ. ಪ್ರಯಾಣಿಕರಲ್ಲಿ ತಲೆದಿಂಬು, ಕಾಲು ಮುರಿದ ಕರಡಿ, ರಾಗಿ ಡಬ್ಬ ಇತ್ಯಾದಿ ಊರಿನ ಗಣ್ಯರು. ನಾಗಮಂಗಲದಿಂದ ಹೊರಟರೆ ಮೊದಲನೇ ಸ್ಟಾಪು ಬಚ್ಚಲುಮನೆ, ಆಮೇಲೆ ಅಜ್ಜಿ ಮನೆ, ಆಮೇಲೆ ಐಸ್‌ಕ್ರೀಮು.

"ನಾನು ಯಾರು?" ಎಂದು ಕೇಳಿದೆ.

"ನೀನು ಪ್ಯಾಸೆಂಜರ್ರು."

"ಡ್ರೈವರ್ ಆಗ್ಲಾ?"

"ಫ್ಯಾನ್ ಐತಲ್ಲ."

"ಒಂದೇ ಒಂದ್ಸಲ ಕಂಡಕ್ಟರ್ ಆಗ್ತೀನಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಂಗೆ ಕಂಬಿ ಇಡೀದೆ ನಿಂತ್ಕಳಾಕೆ ಬರಲ್ಲ" ಎಂದಳು. ನಿಜ. ಬರುವುದಿಲ್ಲ. ಆಮೇಲೆ ಪೀಪಿಯನ್ನು ಕೆನ್ನೆಗೆ ಒತ್ತಿಕೊಂಡು, "ಮೇಡಂ, ಒಳಗೋಗಿ ಮೇಡಂ, ದಾರೀಲಿ ಗೂಟ ಒಡ್ಕಬೇಡಿ" ಎಂದಳು. ಹೆತ್ತ ಮಗಳು ನನ್ನನ್ನು ಮೇಡಂ ಎಂದಳು! ಶಾಲೆಯಲ್ಲಿ ದಿನವಿಡೀ ಅದನ್ನೇ ಕೇಳಿ ಬರುವವಳು ನಾನು. ಮನೆಯಲ್ಲೂ ಅದನ್ನೇ ಕೇಳಿಸಿಕೊಂಡು ಒಳಗೆ ಹೋಗಿ ಕುಳಿತೆ.

ಆಟ ಆಟಕ್ಕೇ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅವಳು ತಾನಾಗಿ ಚಪ್ಪಲಿ ಹಾಕಿಕೊಳ್ಳತೊಡಗಿದಳು, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ. ಗುಂಡಿ ತಾನೇ ಹಾಕಿಕೊಂಡಳು. ಮಜ್ಜಿಗೆ ತಾನೇ ಬಗ್ಗಿಸಿಕೊಂಡಳು. ಅರ್ಧ ಲೋಟಕ್ಕೆ, ಅರ್ಧ ನೆಲಕ್ಕೆ. ಅವಳಿಗೆ ಮುದ್ದೆ ನುಂಗುವುದನ್ನು ಕಲಿಸಲು ನಾನು ತಿಂಗಳುಗಟ್ಟಲೆ ಪಟ್ಟ ಪಾಡು ಅಷ್ಟಿಷ್ಟಲ್ಲ. ಅಜ್ಜಿ ಕಥೆ ಹೇಳಿದರು, ಅಪ್ಪ ಕುಣಿದರು, ಬಾಯಿ ತೆರೆಯಲಿಲ್ಲ. ಒಂದು ಸಾಯಂಕಾಲ ಬಸ್ಸಿನಲ್ಲಿ ಆಕೆ, "ಮುದ್ದೆ ಉಣ್ದಿದ್ರೆ ವಿಸಲ್ ಊದಾಕೆ ಉಸ್ರು ಎಲ್ಲಿಂದ ಬಂದದವ್ವ?" ಎಂದರು, ಅಷ್ಟೇ. ಆವತ್ತು ರಾತ್ರಿ ಊಟಕ್ಕೆ ಕುಳಿತವಳು ತಾನೇ ಮುರಿದು, ಸಾರಿನಲ್ಲಿ ಅದ್ದಿ, ಗುಳಕ್ಕನೆ ನುಂಗಿ, ಪೀಪಿ ಊದಿ ತೋರಿಸಿದಳು. ಅವಳಪ್ಪ ಚಪ್ಪಾಳೆ ತಟ್ಟಿದರು. ನನಗೆ ಅನ್ನ ಇಳಿಯಲಿಲ್ಲ.

"ಮಗು ಉಂಡರೆ ಸಾಕಲ್ಲ, ಯಾರು ಹೇಳಿದರೇನು?" ಎಂದು ನಮ್ಮ ಯಜಮಾನರು ಕೇಳಿದರು. ಭಾನುವಾರದ ಅಪ್ಪಂದಿರು ಹೀಗೆಯೇ ಕೇಳುವುದು.

ನಾನು ಸುಮ್ಮನೆ ಕೂರಲಿಲ್ಲ. ಶ್ರೀರಂಗಪಟ್ಟಣಕ್ಕೆ ನೆಂಟರ ಮದುವೆಗೆ ಹೋದಾಗ ಒಂದು ದೊಡ್ಡ ಅಡುಗೆ ಸೆಟ್ಟು ತಂದೆ. ಒಲೆ, ಬಾಣಲೆ, ಪುಟ್ಟ ಕುಕ್ಕರು. ಇನ್ನಾದರೂ ನನ್ನ ಹಾಗೆ ಅಡುಗೆ ಮಾಡುತ್ತಾಳೆ, ಅಮ್ಮನ ಆಟ ಆಡುತ್ತಾಳೆ ಎಂದುಕೊಂಡೆ. ಅವಳು ಅದನ್ನೆಲ್ಲ ಗಂಟು ಕಟ್ಟಿ ಬಸ್ಸಿನ ಹಿಂದಿನ ಸೀಟಿಗೆ ಹಾಕಿ, "ಲಗೇಜ್ ಯಾರ್ದು?" ಎಂದು ಕೂಗಿದಳು. ನನ್ನದು ಎಂದೆ. "ಇಷ್ಟೊಂದೆಲ್ಲ ಬಸ್ಸಲ್ಲಿ ತರಂಗಿಲ್ಲ" ಎಂದು ಕೆಳಗಿಳಿಸಿದಳು.

ಈ ಹೊತ್ತಿಗೇ ನನ್ನ ಮಾನ ಹೋದ ಪ್ರಸಂಗವೂ ನಡೆಯಿತು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಕಾರ್ಡು ತೆಗೆಯಲು ಚೀಲಕ್ಕೆ ಕೈ ಹಾಕಿದರೆ ಇಲ್ಲ. ಪರ್ಸು ತಡಕಿದೆ, ಪುಸ್ತಕ ಕೊಡವಿದೆ, ಇಲ್ಲ. ಆಕೆ ತಾಳ್ಮೆಯಿಂದ ನಿಂತಿದ್ದರು.

"ದಿನಾ ಬರ್ತೀನಲ್ಲ, ನಿಮಗೆ ಗೊತ್ತಿಲ್ವಾ ನಾನು?" ಎಂದೆ.

"ನಂಗೆ ಗೊತ್ತು ಮೇಡಂ, ಮಿಷನ್ನಿಗೆ ಗೊತ್ತಾಗ್ಬೇಕಲ್ಲ. ಚೆಕಿಂಗ್ ಬಂದ್ರೆ ನನ್ ತಲೆ ಮ್ಯಾಕೆ ಬತ್ತದೆ. ಕಾರ್ಡಿಲ್ಲ ಅಂದ್ರೆ ಟಿಕೀಟ್ ತಗಳಿ."

ಆಗ ನನ್ನ ಪಕ್ಕದಿಂದ ಒಂದು ಸಣ್ಣ ಧ್ವನಿ, "ರೂಲ್ಸು ಅಂದ್ರೆ ರೂಲ್ಸು ಅಮ್ಮ" ಎಂದಿತು. ಹಿಂದಿನ ಸೀಟಿನಲ್ಲಿ ನನ್ನದೇ ಶಾಲೆಯ ಹುಡುಗರು ಕೂತಿದ್ದರು. ನಾನು ದುಡ್ಡು ಕೊಟ್ಟು ಟಿಕೆಟ್ ತಗೊಂಡೆ. ಕಾರ್ಡು ಎಲ್ಲಿತ್ತು ಗೊತ್ತೇ? ಸಾಯಂಕಾಲ ಮನೆಗೆ ಬಂದು ಹುಡುಕಿದರೆ ತಲೆದಿಂಬಿನ ಕವರಿನೊಳಗೆ! ಹಿಂದಿನ ದಿನ ನಡುಮನೆಯ ಬಸ್ಸಿನಲ್ಲಿ ದಿಂಬಿಗೆ ಕಾರ್ಡಿರಲಿಲ್ಲವಂತೆ. ಪಾಪದ ದಿಂಬು, ದುಡ್ಡೂ ಇರಲಿಲ್ಲವಂತೆ. ನನ್ನ ಕಾರ್ಡಿನ ಮೇಲೆ ಹಾಸಿಗೆಯ ದಿಂಬು ಐಸ್‌ಕ್ರೀಮಿನವರೆಗೂ ಬಿಟ್ಟಿ ಪ್ರಯಾಣ ಮಾಡಿತ್ತು. ನಾನು ಮಾತ್ರ ದುಡ್ಡು ತೆತ್ತಿದ್ದೆ.

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಆದರೆ ಅದೇ ವಾರ ಇನ್ನೊಂದು ನಡೆಯಿತು. ದಾರಿಗೆ ಎಮ್ಮೆ ಅಡ್ಡ ಬಂದು ಡ್ರೈವರು ಬ್ರೇಕು ಒತ್ತಿದ. ಕಂಬಿ ಹಿಡಿಯದೆ ನಿಂತಿದ್ದ ನನ್ನ ಮಗಳು ಮುಗ್ಗರಿಸಿ ಬಿದ್ದಳು. ಮೊಣಕಾಲು ತರಚಿ ರಕ್ತ ಜಿನುಗಿತು. ಅವಳ ಕೆಳತುಟಿ ನಡುಗಿದ್ದು ನನಗೆ ಕಂಡಿತು. ನಾನು ಎರಡೂ ಕೈ ಚಾಚಿದೆ. ಅವಳು ನನ್ನ ಕೈ ನೋಡಲಿಲ್ಲ, ಆಕೆಯ ಮುಖ ನೋಡಿದಳು. ಆಕೆ ಬಗ್ಗಲೂ ಇಲ್ಲ. "ಏಳಿ ಕಂಡಕ್ಟ್ರೇ, ಡ್ಯೂಟಿ ಮ್ಯಾಲೆ ಅಳಂಗಿಲ್ಲ" ಎಂದರು. ಇವಳು ಎದ್ದಳು. ಫ್ರಾಕು ಕೊಡವಿಕೊಂಡಳು. ಅಳಲಿಲ್ಲ.

ಅಳಬೇಕಾಗಿತ್ತು. ಜೋರಾಗಿ ಅತ್ತು ನನ್ನ ಮಡಿಲಿಗೆ ಬೀಳಬೇಕಾಗಿತ್ತು. ಹೆತ್ತವಳು ಮಗು ಅಳಲಿ ಎಂದು ಹಾರೈಸುತ್ತಾಳೆಯೇ ಎಂದು ನೀವು ಕೇಳಬಹುದು. ಹಾರೈಸುತ್ತಾಳೆ. ಕೈ ಚಾಚಿ ಬರಿಗೈಯಲ್ಲಿ ಹಿಂದೆಗೆದುಕೊಂಡ ಯಾರನ್ನಾದರೂ ಕೇಳಿ ನೋಡಿ.

ಮರುದಿನದಿಂದ ನಾನು ಮೊದಲೇ ಹೊರಡುವ ಪ್ರೈವೇಟ್ ಬಸ್ಸು ಹಿಡಿದೆ. ಅದರಲ್ಲಿ ಒಳ್ಳೆಯ ಸೀಟು, ಹಾಡು, ಕಿಟಕಿಗೆ ಪರದೆ. ಹೆಂಗಸರಿಗೂ ದುಡ್ಡು ಕೊಡಬೇಕು, ಕೊಟ್ಟೆ. ಮಗಳು ಗಲಾಟೆ ಮಾಡಲಿಲ್ಲ. ಕಿಟಕಿಗೆ ಹಣೆ ಒತ್ತಿಕೊಂಡು ಕುಳಿತಳು. ಬಸ್ಸು ತುಂಬಿ, ಕಾಲಿಡಲು ಜಾಗವಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ "ಅಮ್ಮ, ಈ ಬಸ್ಸಲ್ಲಿ ಯಾರೂ ಇಲ್ಲ" ಎಂದಳು. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಮತ್ತೆ ಕೆಂಪು ಬಸ್ಸಿಗೇ ಬಂದೆವು. "ಎಲ್ಲೋಗಿದ್ರಿ ಆಫೀಸರ್ರು?" ಎಂದು ಆಕೆ ಕೇಳಿದರು. "ಅಮ್ಮಂಗೆ ಬುದ್ಧಿ ಇರ್ಲಿಲ್ಲ" ಎಂದು ನನ್ನ ಮಗಳು ಉತ್ತರ ಕೊಟ್ಟಳು.

ಒಂದು ಶನಿವಾರ ಮಧ್ಯಾಹ್ನ ಬರುವಾಗ ಬಸ್ಸು ಬಹುತೇಕ ಖಾಲಿ. ಆಕೆ ನಮ್ಮ ಎದುರಿನ ಸೀಟಿಗೆ ಬಂದು ಕುಳಿತು ಚಪ್ಪಲಿ ಬಿಟ್ಟು ಕಾಲು ನೀಡಿದರು. ಆಕೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಮಗಳನ್ನು ಕೇಳಿದರು, "ಮನೇಲಿ ಏನಾಟ ಆಡ್ತೀಯವ್ವ?"

"ಬಸ್ಸಾಟ."

"ನೀನ್ಯಾರು?"

"ಕಂಡಕ್ಟ್ರು."

"ನಿಮ್ಮವ್ವ?"

"ಅಮ್ಮ ಪ್ಯಾಸೆಂಜರ್ರು. ಕಾರ್ಡ್ ಮರ್ತ್‌ಬುಡ್ತಾಳೆ."

ಈಗ ಆಕೆ ನಗುತ್ತಾರೆ, ನಾನು ಹಲ್ಲು ಕಚ್ಚಿಕೊಳ್ಳಬೇಕು ಎಂದು ಸಿದ್ಧಳಾದೆ. ಆಕೆ ನಗಲಿಲ್ಲ. ವಿಸಲನ್ನು ಬಾಯಿಂದ ತೆಗೆದು ಸೆರಗಿನಲ್ಲಿ ಒರೆಸಿದರು.

"ನಮ್ಮನೇಲೂ ಒಬ್ಳವ್ಳೆ ಮೇಡಂ, ಇವಳ ವಾರಿಗೇನೆ. ಸಿಂಧಘಟ್ಟದಲ್ಲಿ ನಮ್ಮತ್ತೆ ತಾವ ಬುಟ್ಟಿವ್ನಿ. ನಮ್ಮೆಜಮಾನ್ರು ಬಡಗಿ, ಕೆಲ್ಸ ಸಿಕ್ದ ಕಡೆ ಇರ್ತಾರೆ. ರಜಾ ದಿನ ನಾನೋಗಿ ನೋಡ್ಕ ಬತ್ತೀನಿ."

"ಅವಳೇನು ಆಟ ಆಡ್ತಾಳೆ?" ಎಂದೆ. ಸುಮ್ಮನೆ, ಮಾತಿಗೆ.

"ಟೀಚರ್ ಆಟ. ಅಲ್ಲೊಬ್ರು ಅಂಗನವಾಡಿ ಟೀಚರ್ರವ್ರೆ, ಏನ್ ಮದ್ದಾಕವ್ರೋ ಕಾಣೆ. ಉಣ್ಣು ಅಂತ್ಲೂ ಅವ್ರೇ ಏಳ್ಬೇಕು, ಮನಿಕ್ಕೊ ಅಂತ್ಲೂ ಅವ್ರೇ ಏಳ್ಬೇಕು. ಹೋದ್ವಾರ ನಾನೋದ್ರೆ ಗ್ವಾಡೆ ಮುಂದೆ ದಿಂಬು ಚೊಂಬು ಎಲ್ಲ ಸಾಲಾಗಿ ಕುಂಡ್ರಿಸ್ಕಂಡು ಪಾಠ ಮಾಡ್ತಾವ್ಳೆ. ನನ್ ನೋಡ್‌ಬುಟ್ಟು, 'ನೀವು ಯಾವ ಪಾಪೂನ ಅಮ್ಮ? ಒರಗಡೆ ನಿಂತ್ಕಳಿ, ಗಂಟೆ ಒಡೆದ್ಮ್ಯಾಲೆ ಬನ್ನಿ' ಅಂದ್ಳು."

"ನಿಂತ್ಕೊಂಡ್ರಾ?"

"ನಿಂತ್ಕಂಡೆ. ಇನ್ನೇನ್ ಮಾಡ್ಲಿ." ಆಕೆ ಕಿಟಕಿಯ ಹೊರಗೆ ನೋಡಿದರು. "ಬೇಜಾರ್ ಮಾಡ್ಕಬೇಡಿ ಮೇಡಂ. ನಿಮ್ ಟೀಚರ್ರುಗಳ್ನ ಕಂಡ್ರೆ ಮೈಯೆಲ್ಲ ಉರೀತದೆ ನಂಗೆ."

ಅಂದರೆ ದಿನಾ ಬೆಳಿಗ್ಗೆ ನಾನು ಪುಸ್ತಕ ಹಿಡಿದು ಬಸ್ಸು ಹತ್ತಿದಾಗ ಆಕೆಗೂ ಉರಿಯುತ್ತಿತ್ತು. ನನಗೆ ಆಕೆಯ ವಿಸಲ್, ಆಕೆಗೆ ನನ್ನ ಚಾಕ್‌ಪೀಸು. ಎದ್ದು ಹೋಗಿ ಆಕೆಯ ಪಕ್ಕ ಕೂರೋಣ ಅನ್ನಿಸಿತು. ಏಳುವಷ್ಟರಲ್ಲಿ ನನ್ನ ಮಗಳು ನನ್ನ ತೊಡೆ ದಾಟಿ ಇಳಿದು, ಆಕೆಯ ಕೆನ್ನೆ ಮುಟ್ಟಿ, "ನೀವು ಬಂದ್‌ಬುಡ್ತೀರಲ್ಲ, ಆಗ ಪಾಪು ಅಳ್ತದಾ?" ಎಂದಳು.

"ಇಲ್ಲ ಕಣವ್ವ. ಅತ್ತಿದ್ರೇ ಎಷ್ಟೋ ವಾಸಿ ಆಗಿರೋದು" ಎಂದರು ಆಕೆ.

ಆ ಪುಟ್ಟ ಕೈ ಆಕೆಯ ಕೆನ್ನೆಯ ಮೇಲೆ ಇದ್ದಷ್ಟು ಹೊತ್ತು ನಾನು ಬೇರೆಲ್ಲೂ ನೋಡಲಿಲ್ಲ. ಬಂದ ಪ್ರೀತಿ ಬಂದ ದಾರಿಯಲ್ಲೇ ಹೋಯಿತು. ನನ್ನ ಜಾಗದಿಂದ ನಾನು ಏಳಲಿಲ್ಲ.

ಅದಾದ ಕೆಲವೇ ವಾರಕ್ಕೆ ಈ ವರ್ಗಾವಣೆ. ಕೆ.ಆರ್. ಪೇಟೆಗೆ ಹೋದರೆ ಸಿಂಧಘಟ್ಟದಿಂದಲೇ ದಿನಾ ಓಡಾಡಬಹುದು. ಯಾಕೆ ಕೇಳಿ ಮಾಡಿಸಿಕೊಂಡರು ಎಂದು ಡ್ರೈವರನ್ನು ನಾನು ಕೇಳಬೇಕಾಗಿರಲಿಲ್ಲ. ಆಕೆ ಗೆದ್ದರು. ನನಗೆ ಆ ದಾರಿ ಇಲ್ಲ, ನನ್ನ ಮಗಳು ನನ್ನ ಜೊತೆಯಲ್ಲೇ ಇದ್ದಾಳೆ.

ಸೋಮವಾರ ಸಾಯಂಕಾಲ ಬಸ್ಸಿಳಿದು ಮನೆಗೆ ಬಂದೆವು. ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ: ಈಗ ಅಳುತ್ತಾಳೆ, ಎತ್ತಿಕೊಳ್ಳುತ್ತೇನೆ. ಅಳಲಿಲ್ಲ. ಕೈಕಾಲು ತೊಳೆದು ಬಂದು ಅಪ್ಪನ ಅಂಗಿ ಹಾಕಿಕೊಂಡು ಚೀಲ ತಗುಲಿಸಿಕೊಂಡಳು. ನಾನು ಒಲೆ ಆರಿಸಿ, ಕರೆಯುವ ಮೊದಲೇ ಹೋಗಿ ಕುರ್ಚಿಯಲ್ಲಿ ಕುಳಿತೆ.

"ಕಂಡಕ್ಟರಮ್ಮ ಹೋದ್ರಲ್ಲ ಕಂದ, ಇನ್ಮೇಲೆ ನಾನು ಆಗ್ಲಾ?"

"ಇವತ್ತು ಬಸ್ಸಿಲ್ಲ" ಎಂದಳು. "ಡ್ಯೂಟಿ ಮುಗೀತು."

ಚೀಲ ಹಿಡಿದುಕೊಂಡು ಬಾಗಿಲು ತೆರೆದು ಹೊರಗೆ ಹೋಗಿ, ಬಾಗಿಲು ಎಳೆದುಕೊಂಡಳು. ಹಿಂದೆಯೇ ಹೋಗಲು ಎದ್ದೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅಂಗಿಯೊಳಗಿಂದ ಮುಖ ಮೇಲೆತ್ತಿ, ತನ್ನ ಸ್ವಂತ ದನಿಯಲ್ಲಿ ಪಿಸುಗುಟ್ಟಿದಳು. "ನೀನು ಪಾಪು. ಸಿಂಧಘಟ್ಟದ ಪಾಪು. ನಾನು ಬಂದ ತಕ್ಷಣ ಓಡಿ ಬರ್ಬೇಕು." ಮತ್ತೆ ಬಾಗಿಲು ಹಾಕಿಕೊಂಡು ಬಡಿದಳು. "ಬಾಗ್ಲು ತೆಗಿ ಮಗಾ, ಅವ್ವ ಬಂದಿವ್ನಿ."

ಒಂದು ವರ್ಷದಿಂದ ಪ್ಯಾಸೆಂಜರ್ ಆಗಿದ್ದವಳಿಗೆ ಇದು ಬಡ್ತಿಯೋ ಏನೋ ಗೊತ್ತಾಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ಅಲ್ಲಿಂದ ಓಡಿ ಬಂದು ಬಾಗಿಲು ತೆಗೆದೆ. ಮಂಡಿಯೂರಿ ಕುಳಿತೆ, ಇಲ್ಲದಿದ್ದರೆ ಅವಳಿಗೆ ನನ್ನ ಕತ್ತು ಎಟುಕುತ್ತಿರಲಿಲ್ಲ. ಅವಳು ಎರಡೂ ತೋಳಿನಿಂದ ಬಿಗಿಯಾಗಿ ತಬ್ಬಿಕೊಂಡು ಬೆನ್ನು ಸವರಿದಳು. "ಉಂಡ್ಯಾ ಮಗಾ? ಮನಿಕ್ಕಂಡಿದ್ಯಾ?" ಎಂದಳು. ಉಂಡೆ ಎಂದು ತಲೆ ಆಡಿಸಿದೆ. ಎಷ್ಟು ತಿಂಗಳಾಗಿತ್ತು ಅವಳು ನನ್ನನ್ನು ಇಷ್ಟು ಹೊತ್ತು ಹಿಡಿದುಕೊಂಡು! ಎತ್ತಿಕೊಂಡರೆ ಜಾರಿ ಇಳಿಯುವವಳು, ಮುತ್ತು ಕೊಟ್ಟರೆ ಕೆನ್ನೆ ಒರೆಸಿಕೊಳ್ಳುವವಳು. ಈ ಅಪ್ಪುಗೆ ನನ್ನದಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ನಾನು ಕಂಡೇ ಇಲ್ಲದ ಒಂದು ಮಗುವಿಗೆ ಸೇರಬೇಕಾದದ್ದು. ಆ ಮಗುವಿನ ಮೇಲೂ ಹೊಟ್ಟೆ ಉರಿಯಿತು. ಆದರೂ ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ನಾನೇ ತಗೊಂಡೆ.

ಸ್ವಲ್ಪ ಹೊತ್ತಿಗೆ ತೋಳು ಸಡಿಲವಾಗತೊಡಗಿತು. "ಬೆಳಿಗ್ಗೆ ಬಸ್ಸದೆ ಕಣವ್ವ, ನಾನ್ ಓಯ್ತೀನಿ" ಎಂದಳು.

"ಹೋಗ್ಬೇಡ" ಅಂದೆ.

ಅವಳು ಹಿಂದೆ ಸರಿದು ನನ್ನ ಮುಖ ನೋಡಿದಳು. ಪಾಪು ಹೀಗೆ ಹೇಳಬೇಕೆಂದು ಅವಳು ನನಗೆ ಹೇಳಿಕೊಟ್ಟಿರಲಿಲ್ಲ. ಆಟಕ್ಕೆ ಇದು ಚೆನ್ನಾಗಿದೆ ಅನ್ನಿಸಿರಬೇಕು. ಕಣ್ಣು ಅರಳಿಸಿ, "ಇನ್ನೊಂದ್ಸಲ ಹೇಳು" ಎಂದಳು.

ಹೇಳಿದೆ.